ಹತ್ತು ಬರೆದವಳಿಗೆ ಸೊನ್ನೆ

ಹತ್ತು ಎಂದು ಬರೆದವರ ಹೆಸರಿನ ಮುಂದೆ ಸೊನ್ನೆ ಹಾಕಬೇಕು. ಒಂಬತ್ತು ಬರೆದವರಿಗೆ ಒಂದು, ಎಂಟಕ್ಕೆ ಎರಡು, ಏಳಕ್ಕೆ ಮೂರು. ನನಗೆ ಕೊಟ್ಟ ಸೂಚನಾ ಪುಸ್ತಕದಲ್ಲಿ ಹೀಗೆ ಅಚ್ಚಾಗಿತ್ತು. ನಾನೂ ಹಾಗೆಯೇ ಹಾಕಿದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೂ ಆ ಸೊನ್ನೆಗಳು ನೆನಪಾದರೆ ಮೈ ಉರಿಯುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ಹೇಗಿತ್ತು ನಿಮ್ಮ ಅನುಭವ ಎಂದು ಕೇಳುತ್ತಾರೆ. ಕೇಳಿದ್ದೀರಲ್ಲ, ಹೇಳುತ್ತೇನೆ.

ನನ್ನದು ಸಮೀಕ್ಷೆಯ ಕೆಲಸ. ಊರು ಕೊಟ್ಟೂರು. ಅಲ್ಲಿಂದ ಬಸ್ಸು ಹಿಡಿದು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ಹಳ್ಳಿ ತಿರುಗುವುದು, ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು, ನಮೂನೆ ತುಂಬುವುದು. ಇಪ್ಪತ್ತೆಂಟು ವರ್ಷ ಇದೇ ಮಾಡಿದೆ. ಮನೆಯಲ್ಲಿ ಎಷ್ಟು ಜನ, ಒಲೆಗೆ ಏನು ಉರಿಸುತ್ತೀರಿ, ಮಗುವಿಗೆ ಲಸಿಕೆ ಹಾಕಿಸಿದ್ದೀರಾ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡಿ, ಅದರಿಂದ ನಿಮಗೇನೂ ಉಪಯೋಗವಿಲ್ಲ.

ಕೊನೆಯ ಕೆಲವು ವರ್ಷಗಳಲ್ಲಿ ನಮ್ಮ ಕಚೇರಿಗೆ ಆಟ ಆಡಿಸುವ ಕೆಲಸ ಬಂತು. ಪ್ರಶ್ನೆ ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ಆಟ ಆಡಿಸಿದರೆ ಮನಸ್ಸು ಬಯಲಾಗುತ್ತದೆ ಎಂಬುದು ಮೇಲಿನವರ ನಂಬಿಕೆ. ಮೇಲಿನವರು ಅಂದರೆ ಶ್ರೀನಿಧಿ ಸರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ದೊಡ್ಡ ಓದು ಓದಿದವರು. ಜೀಪಿನಿಂದ ಇಳಿಯುವ ಮೊದಲು ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವವರು.

ಆಟ ಬಹಳ ಸರಳ. ಇಬ್ಬರು ಹೆಂಗಸರು, ನಡುವೆ ಒಂದು ಪರದೆ. ಇಬ್ಬರೂ ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಬರೆಯಬೇಕು. ಎಷ್ಟು ಬರೆಯುತ್ತೀರೋ ಅಷ್ಟು ಪಾವು ತೊಗರಿಬೇಳೆ ನಿಮಗೆ. ಹತ್ತು ಬರೆದರೆ ಹತ್ತು ಪಾವು, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಪರದೆಯ ಆಚೆಯವಳು ಬರೆದದ್ದಕ್ಕಿಂತ ಸರಿಯಾಗಿ ಒಂದು ಕಡಿಮೆ ಬರೆದರೆ, ನಿಮ್ಮದರ ಮೇಲೆ ಇನ್ನೂ ಹತ್ತು ಪಾವು ಹೆಚ್ಚಿಗೆ. ಆಕೆ ಹತ್ತು ಬರೆಯುತ್ತಾಳೆ ಅನ್ನಿಸಿದರೆ ನೀವು ಒಂಬತ್ತು ಬರೆಯಬೇಕು. ಆಕೆಯೂ ಹಾಗೇ ಯೋಚಿಸಿ ಒಂಬತ್ತು ಬರೆಯುತ್ತಾಳೆ ಅನ್ನಿಸಿದರೆ ನೀವು ಎಂಟು. ಹೀಗೆ ಎಷ್ಟು ಮೆಟ್ಟಿಲು ಇಳಿದಿರೋ ಅಷ್ಟು ಆಳವಾಗಿ ಇನ್ನೊಬ್ಬರ ಮನಸ್ಸನ್ನು ಲೆಕ್ಕ ಹಾಕಿದ್ದೀರಿ ಎಂದು ಅರ್ಥ. ಹತ್ತು ಬರೆದವರು ಎದುರಿನವರ ಬಗ್ಗೆ ಯೋಚನೆಯನ್ನೇ ಮಾಡಿಲ್ಲ, ಅವರಿಗೆ ಸೊನ್ನೆ.

ಮೊದಲ ಸುತ್ತಿನಲ್ಲೇ ನಾವು ಮುಗ್ಗರಿಸಿದೆವು. ಹಡಗಲಿಯ ಹತ್ತಿರದ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಏಳಕ್ಕೆ ಆಟ ಇಟ್ಟರು. ಮಲ್ಲಿಗೆ ಬೆಳೆಯುವ ಊರು. ಆ ಹೊತ್ತಿನಲ್ಲಿ ಹೆಂಗಸರೆಲ್ಲ ಮೊಗ್ಗು ಬಿಡಿಸುತ್ತಾ ತೋಟದಲ್ಲಿರುತ್ತಾರೆ. ಹೂವು ಬಸ್ಸಿಗೆ ಹೋಗಬೇಕು, ಬಸ್ಸು ತಪ್ಪಿದರೆ ದನಕ್ಕೆ ಹಾಕಬೇಕು. ಸರ್‌ಗೆ ಮೊದಲೇ ಹೇಳಿದ್ದೆ. "ಸಮಯ ಈಗಾಗಲೇ ನಿಗದಿಯಾಗಿದೆ ಮೇಡಂ" ಅಂದರು. ಹೋದರೆ ಶಾಲೆಯ ಪಡಸಾಲೆಯಲ್ಲಿ ನಾವು, ಬೇಳೆಯ ಚೀಲ, ಒಂದು ನಾಯಿ. "ಭಾಗವಹಿಸುವ ಆಸಕ್ತಿ ಇಲ್ಲ" ಎಂದು ವರದಿಯಲ್ಲಿ ಬರೆಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಚೇರಿಯಲ್ಲಿ ನಾನು ಅಷ್ಟು ವರ್ಷ ಅನ್ನ ತಿಂದಿದ್ದೇನೆ.

ಆಮೇಲೆ ಮಧ್ಯಾಹ್ನ ಇಟ್ಟೆವು, ಜನ ಬಂದರು. ಹೂವಿನ ಹೆಂಗಸರು ಎಂಟು, ಏಳು, ಒಂದೊಂದು ಸಲ ಆರು ಕೂಡ ಬರೆದರು. ಶ್ರೀನಿಧಿ ಸರ್ ಮುಖ ಅರಳಿತು. ಆಳವಾದ ಚಿಂತನೆ ಎಂದರು. ಏಳು ಬರೆದ ಒಬ್ಬಾಕೆಯನ್ನು ನಾನು ಸುಮ್ಮನೆ ಕೇಳಿದೆ, ಏಳು ಯಾಕೆ ಬರೆದಿರಿ ಅಂತ.

"ಏನಿಲ್ಲರೀ ಅಕ್ಕಾರ, ಈಗಷ್ಟ ಏಳು ಮಾರು ಹೂವು ಕಟ್ಟಿ ಬಂದೀನಿ. ಬಾಯಾಗ ಅದ ಇತ್ತು, ಬರದೆ. ಹೋದ್ರ ಹೋತು, ದಿನಾ ಎಷ್ಟು ಹೂವು ಬಾಡಿ ಹೋಗತಾವ."

ಆಕೆಗೆ ಮೂರು ಅಂಕ. ಬಲು ಆಳದ ಚಿಂತಕಿ.

ಬಾಗಳಿಯಲ್ಲಿ ಇನ್ನೊಂದು ತಮಾಷೆ. ಕೂತವರೆಲ್ಲ ಐದೈದು ಬರೆದರು, ಇಪ್ಪತ್ತು ಹೆಂಗಸರೂ ಐದೇ. ಸೂಚನಾ ಪುಸ್ತಕದಲ್ಲಿ ಐದಕ್ಕೆ ಏನು ಮಾಡಬೇಕೆಂದೇ ಇರಲಿಲ್ಲ. ಬೆಳಿಗ್ಗೆ ನಲ್ಲಿ ಹತ್ತಿರ ನೀರು ಹಿಡಿಯುವಾಗಲೇ ಎಲ್ಲರೂ ಮಾತಾಡಿಕೊಂಡಿದ್ದರಂತೆ: ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆದರೆ ನಾಳೆ ಊರಲ್ಲಿ ಮುಖ ನೋಡುವುದು ಹೇಗೆ, ಎಲ್ಲರೂ ಸಮ ತಗೊಂಡು ಹೋಗೋಣ. ಹತ್ತೇ ಬರೆಯಬಹುದಿತ್ತಲ್ಲ ಎಂದರೆ, "ಪೂರ್ತಿ ಚೀಲ ಬಾಚಿಕೊಂಡು ಹೋದ್ರು ಅನಸಬಾರದು ನೋಡ್ರಿ" ಅಂದಳು ಒಬ್ಬ ಅಜ್ಜಿ. ಇಡೀ ಊರನ್ನು ಪಟ್ಟಿಯಿಂದ ಕೈಬಿಟ್ಟರು. ನಾನು ನಕ್ಕು ಸುಮ್ಮನಾದೆ. ಆಗ ಇದನ್ನು ಬರಿ ಆಟ ಅಂದುಕೊಂಡಿದ್ದೆ.

ಅದು ಬರಿ ಆಟವಲ್ಲ ಎಂದು ಗೊತ್ತಾದದ್ದು ಗುಡೇಕೋಟೆಯ ಸುತ್ತಿಗೆ ಹೊರಡುವಾಗ. ಕುರಿ ಸಾಕುವ ಹಳ್ಳಿಗಳಲ್ಲಿ ಊರಿಗೊಬ್ಬ ಹೆಂಗಸನ್ನು ಆರಿಸಿ, ಕುರಿಗಳಿಗೆ ಔಷಧಿ ಕೊಡುವುದನ್ನು ಕಲಿಸಿ, ಒಂದು ಔಷಧಿ ಪೆಟ್ಟಿಗೆ ಕೊಡುವ ಯೋಜನೆ ಬಂದಿತ್ತು. ಆ ಹೆಂಗಸು ಔಷಧಿ ಮಾರುವವರ ಜೊತೆ, ಉಣ್ಣೆ ಕೊಳ್ಳುವವರ ಜೊತೆ ಊರಿನ ಪರವಾಗಿ ಮಾತಾಡಬೇಕು. ಅದಕ್ಕೆ ಎದುರಿನವರ ಮನಸ್ಸು ಓದುವ ಬುದ್ಧಿ ಬೇಕಲ್ಲ, ಆಟದಲ್ಲಿ ಎರಡು ಅಂಕಕ್ಕಿಂತ ಕಡಿಮೆ ಬಂದವರನ್ನು ತೆಗೆದುಕೊಳ್ಳಬೇಡಿ ಎಂದು ಆದೇಶ.

ನನಗೆ ಒಳಗೊಳಗೇ ಸಂತೋಷವಾಯಿತು. ಆ ಕೆಲಸಕ್ಕೆ ಯಾರು ತಕ್ಕವರೆಂದು ನನಗೆ ಗೊತ್ತಿತ್ತು. ಓಬಮ್ಮ. ಕುರಿಯ ಬೇನೆಯನ್ನು ಕಿವಿ ಮುಟ್ಟಿ ಹೇಳುವವಳು. ನಾನು ಹಿಂದೆ ಎಷ್ಟೋ ಸಮೀಕ್ಷೆಗೆ ಅವಳ ಮನೆಗೆ ಹೋಗಿದ್ದೆ, ಊಟ ಹಾಕದೆ ಕಳಿಸಿದವಳಲ್ಲ. ಒಮ್ಮೆ ಕುರಿ ಸಂತೆಯಲ್ಲಿ ಅವಳ ವ್ಯಾಪಾರವನ್ನೂ ಕಣ್ಣಾರೆ ಕಂಡಿದ್ದೆ. ನಮ್ಮ ಕಡೆಯ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈಯೊಳಗೆ ಕೈ ಇಟ್ಟು, ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅದು ಗಂಡಸರ ವ್ಯವಹಾರ. ಗಂಡ ಸತ್ತ ಮೇಲೆ ಓಬಮ್ಮ ತನ್ನ ಕಂಬಳಿಯ ಚುಂಗನ್ನೇ ಕೈಮೇಲೆ ಹೊದ್ದು ದಲ್ಲಾಳಿಯ ಎದುರು ನಿಂತವಳು. ಆ ದಿನ ಮೂರು ಸಲ ಕೈ ಎಳೆದುಕೊಂಡಳು, ನಾಲ್ಕನೆಯ ಸಲ ತಲೆಯಾಡಿಸಿದಳು.

"ಅಂವ ಇನ್ನೂ ಏರತಾನ ಅಂತ ಹೆಂಗ ಗೊತ್ತಾತು?" ಎಂದು ಕೇಳಿದ್ದೆ.

"ಬೆರಳು ಹಿಡಿಯೂದಕ್ಕಿಂತ ಮುಂಚೆ ಅಂವ ಆ ಕಡಿ ನಿಂತ ತನ್ನ ಲಾರಿ ನೋಡಿದ್ನರೀ. ಲಾರಿ ತುಂಬಿಲ್ಲ. ನಾನು ಅದನ್ನ ನೋಡೀನಿ ಅಂತ ಅವಗ ಗೊತ್ತಿಲ್ಲ. ಅವಗ ಗೊತ್ತಿಲ್ಲ ಅಂತ ನನಗ ಗೊತ್ತೈತಿ" ಎಂದು ನಕ್ಕಿದ್ದಳು.

ಆಟದ ದಿನ ಓಬಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಬಂದಳು. ಔಷಧಿ ಪೆಟ್ಟಿಗೆಯ ಸುದ್ದಿ ಅವಳಿಗೂ ಮುಟ್ಟಿತ್ತು. "ಅಕ್ಕಾರ, ಇದೊಂದು ಆದ್ರ ಸಾಕು. ಸೂಜಿ ಕೈಯಾಗಿದ್ರ ಒಂದು ಮರಿ ಸಾಯಾಕ ಬಿಡೂದಿಲ್ಲ" ಎಂದಳು. ಪರದೆಯ ಆಚೆ ಯಾರಿದ್ದಾರೆಂದು ತಿಳಿಯಬಾರದು ಎಂಬುದು ನಿಯಮ. ಆಚೆಯವಳು ಒಮ್ಮೆ ಕೆಮ್ಮಿದಳು, ಅಷ್ಟೆ. "ತಿಪ್ಪಮ್ಮ" ಎಂದು ಓಬಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಅವರಿಬ್ಬರೂ ಬೀಗತಿಯರು, ಎದುರುಬದುರು ಮನೆ.

ಓಬಮ್ಮ ಹತ್ತು ಬರೆದಳು.

ಆಟ ತಿಳಿದಿಲ್ಲವೇನೋ ಎಂದು, ನಿಯಮ ಮೀರಿ, ಸಣ್ಣ ದನಿಯಲ್ಲಿ ಕೇಳಿದೆ, "ಓಬಮ್ಮಾ, ಆಕಿ ಎಷ್ಟು ಬರೀತಾಳ ಅಂತ ವಿಚಾರ ಮಾಡಿದ್ಯಾ?"

"ಎಂಟು ಬರೀತಾಳ."

"ಹೆಂಗ ಹೇಳತಿ?"

"ನನ್ನ ಕಾಲಸಪ್ಪಳ ಆಕೀಗೂ ಗೊತ್ತೈತಿ. ಆಕಿ ಎಲ್ಲಾದ್ರಾಗೂ ನನಗಿಂತ ಒಂದು ಹೆಜ್ಜಿ ಮುಂದ ಇರಬೇಕಂತಾಳ. ಓಬಿ ಶ್ಯಾಣ್ಯಾಕಿ ಅದಾಳ, ಹತ್ತು ಬರಿಯೂದಿಲ್ಲ, ಒಂಬತ್ತು ಬರೀತಾಳ ಅಂತ ತಿಳದಿರತಾಳ. ಅದಕ್ಕ ಎಂಟು."

"ಹಂಗಾರ ನೀನು ಏಳು ಬರದ್ರ ಹದಿನೇಳು ಪಾವು ಬರತಿತ್ತಲ್ಲ!"

"ಬರತಿತ್ತು. ಆಕಿ ಕಡೀ ಗಳಿಗ್ಯಾಗ ಮನಸ್ಸು ತಿರುವಿದ್ರ ಏಳ ಉಳಿತಿತ್ತು. ನಾಳೆ ಉಣ್ಣಿ ಕತ್ತರಸಾಕ ಮಂದಿ ಬರತಾರ್ರಿ. ಹತ್ತು ಪಾವು ಬ್ಯಾಳಿ ಬೇಕು. ಹದಿನೇಳಾದ್ರ ಏಳು ಹೆಚ್ಚಿಗಿ ಉಳಿತಾವ. ಏಳಾದ್ರ ಸಾರು ತೆಳ್ಳಗಾಗಿ ಮರ್ಯಾದಿ ಹೋಗತೈತಿ."

ಉಣ್ಣೆ ಕತ್ತರಿಸುವ ದಿನ ಬಂದವರಿಗೆ ಹೊಟ್ಟೆತುಂಬ ಬಡಿಸುವುದು ಅಲ್ಲಿನ ಪದ್ಧತಿ. ಸಾರು ನೀರಾದರೆ ಮುಂದಿನ ಸಲ ಅವರ ಕತ್ತರಿಯೂ ಮೊಂಡಾಗುತ್ತದೆ, ಕುರಿಯ ಚರ್ಮವೂ ಹರಿಯುತ್ತದೆ. ಹತ್ತು ಅವಳಿಗೆ ಬೇಕಾದ ಅಳತೆ. ಹೆಚ್ಚಿನ ಏಳರ ಆಸೆಗೆ ಬೇಕಾದ ಮೂರನ್ನು ಕಳೆದುಕೊಳ್ಳುವ ದಡ್ಡಿ ಅವಳಲ್ಲ.

ಚೀಟಿ ಬಿಚ್ಚಿದೆವು. ತಿಪ್ಪಮ್ಮ ಬರೆದದ್ದು ಎಂಟು.

ನೀವೇ ನೋಡಿ ಈಗ. ಎದುರಿನವಳು ಬರೆಯುವ ಸಂಖ್ಯೆಯನ್ನು ಚೀಟಿ ಬಿಚ್ಚುವ ಮೊದಲೇ ಸರಿಯಾಗಿ ಹೇಳಿದವಳು ಓಬಮ್ಮ, ಅವಳಿಗೆ ಸೊನ್ನೆ. ಓಬಮ್ಮ ಒಂಬತ್ತು ಬರೆಯುತ್ತಾಳೆಂದು ತಪ್ಪಾಗಿ ಎಣಿಸಿದವಳು ತಿಪ್ಪಮ್ಮ, ಅವಳಿಗೆ ಎರಡು. ಆ ಕಾಗದ ಅಳೆದದ್ದು ಯೋಚನೆಯನ್ನೋ, ಕೈಯಲ್ಲಿದ್ದದ್ದನ್ನು ಪಣಕ್ಕಿಡುವ ಧೈರ್ಯವನ್ನೋ? ಎರಡನ್ನೂ ಒಂದೇ ಪಾವಿನಲ್ಲಿ ಅಳೆದು, ಬಂದದ್ದಕ್ಕೆ ಬುದ್ಧಿ ಎಂದು ಹೆಸರಿಟ್ಟರೆ ಅದಕ್ಕೆ ವಿಜ್ಞಾನ ಅನ್ನಬೇಕೇ? ಹೂವಿನವರಿಗೆ ಕಳೆದುಕೊಳ್ಳುವುದು ದಿನದ ಮಾತು, ಇವತ್ತು ಬಾಡಿದರೆ ನಾಳೆ ಗಿಡ ಮತ್ತೆ ಬಿಡುತ್ತದೆ. ಕುರಿಯವರಿಗೆ ಹಾಗಲ್ಲ. ಒಂದು ಕುರಿ ಹೋದರೆ ಅದರ ಹೊಟ್ಟೆಯ ಮರಿಗಳೂ ಹೋದ ಹಾಗೆ. ಅವರು ಗಟ್ಟಿಯಾದದ್ದನ್ನೇ ಹಿಡಿಯುತ್ತಾರೆ. ಹಾಗೆ ಹಿಡಿದದ್ದಕ್ಕೆ ಯೋಚನೆ ಇಲ್ಲದವರು ಎಂದು ಮುದ್ರೆ ಒತ್ತುವುದೇ?

ನಮೂನೆಯಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ನಾನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: "ಎದುರಿನವರ ಸಂಖ್ಯೆ ಸರಿಯಾಗಿ ಊಹಿಸಿದ್ದಾರೆ. ಬೇಳೆ ಬೇಕಿದ್ದರಿಂದ ಹತ್ತು ಬರೆದಿದ್ದಾರೆ." ಸಂಜೆ ಶ್ರೀನಿಧಿ ಸರ್ ಅದರ ಮೇಲೆ ಕೆಂಪು ಗೆರೆ ಎಳೆದರು.

"ಅಂಚಿನಲ್ಲಿ ಬರೆದದ್ದು ಮಾಹಿತಿ ಅಲ್ಲ ಮೇಡಂ."

"ಆದರೆ ಅದೇ ನಿಜ ಸರ್."

"ಜನ ಆಮೇಲೆ ನೂರು ಕಾರಣ ಹೇಳುತ್ತಾರೆ. ಅವರು ಏನು ಮಾಡಿದರು ಎಂಬುದಷ್ಟೇ ನಮಗೆ ಬೇಕು."

"ಆಮೇಲೆ ಹೇಳಲಿಲ್ಲ ಸರ್. ಚೀಟಿ ಬಿಚ್ಚುವ ಮೊದಲೇ ಹೇಳಿದಳು."

"ಅಂದರೆ ಆಟದ ನಡುವೆ ನೀವು ಮಾತಾಡಿಸಿದಿರಿ?" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಆದರೂ ಸುಮ್ಮನಿರಲಾಗಲಿಲ್ಲ. ಮುಂದಿನ ವಾರ ನನ್ನ ಮನೆಯ ಡಬ್ಬಿಯಿಂದಲೇ ಬೇಳೆ ಕಟ್ಟಿಕೊಂಡು ಗುಡೇಕೋಟೆಗೆ ಹೋದೆ. ಅದೇ ಹೆಂಗಸರನ್ನು ಕೂರಿಸಿ ಬೇರೆ ಆಟ ಆಡಿಸಿದೆ. ಪರದೆಯ ಆಚೆಯವರು ಮೊದಲಿನ ಹಾಗೆಯೇ ಸಂಖ್ಯೆ ಬರೆಯುವುದು, ಈಚೆಯವರಿಗೆ ನಾನು ಹೇಳಿದ್ದು ಇಷ್ಟೇ: ನೀವು ಏನೂ ಬರೆಯಬೇಡಿ, ಎದುರಿನವರು ಎಷ್ಟು ಬರೆಯುತ್ತಾರೆ ಎಂದಷ್ಟೇ ಹೇಳಿ. ಸರಿಯಾದರೆ ಒಂದು ಪಾವು, ತಪ್ಪಾದರೆ ನಿಮ್ಮದೇನೂ ಹೋಗುವುದಿಲ್ಲ. ಕಳೆದುಕೊಳ್ಳುವ ಭಯ ತೆಗೆದಿದ್ದೇ ತಡ, ಹೋದ ವಾರ ಸೊನ್ನೆ ತಗೊಂಡವರೆಲ್ಲ ಪಟಪಟ ಹೇಳಿದರು. ಓಬಮ್ಮ ಆಡಿದ ಐದು ಸಲವೂ ಸರಿ ಹೇಳಿದಳು. ನಾಲ್ಕನೆಯ ಸಲಕ್ಕೆ ಉಳಿದ ಹೆಂಗಸರು, "ಆಕೀನ ಎಬ್ಬಸ್ರಿ ಅಕ್ಕಾರ, ಬ್ಯಾಳಿ ಎಲ್ಲಾ ಆಕೀಗ ಆಕ್ಕಾವ" ಎಂದು ಜಗಳ ತೆಗೆದರು. ಅದೇ ದಿನ ಹಡಗಲಿಯ ಏಳು ಮಾರಿನ ಹೆಂಗಸು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದಳೋ ಎಂದು ನಗು ಬಂತು.

ಇದನ್ನೆಲ್ಲ ನೀಟಾಗಿ ಬರೆದು ಶ್ರೀನಿಧಿ ಸರ್ ಮೇಜಿನ ಮೇಲಿಟ್ಟೆ. ಅವರು ಓದಲಿಲ್ಲ ಎಂದು ಹೇಳಲಾರೆ. ಓದಿದರು. ಮುಖ ಕೆಂಪಾಯಿತು.

"ಯಾರ ಅನುಮತಿ ತೆಗೆದುಕೊಂಡು ಇದನ್ನು ಮಾಡಿದಿರಿ?"

"ನನ್ನ ಮನೆಯ ಬೇಳೆ ಸರ್."

"ನಿಮ್ಮ ನಿವೃತ್ತಿಗೆ ಎರಡು ವರ್ಷ ಇದೆ ಅಲ್ಲವೇ? ನಿಮ್ಮದು ವರ್ಷ ವರ್ಷ ನವೀಕರಿಸುವ ನೇಮಕ ಎಂಬುದು ನೆನಪಿರಲಿ" ಎಂದು, ಆಯ್ಕೆ ಪಟ್ಟಿಯನ್ನು ನನ್ನ ಮುಂದೆ ತಳ್ಳಿದರು. ಕ್ಷೇತ್ರ ಸಿಬ್ಬಂದಿಯ ಸಹಿ ಇಲ್ಲದೆ ಪಟ್ಟಿ ಮುಂದೆ ಹೋಗುವಂತಿರಲಿಲ್ಲ. ಗುಡೇಕೋಟೆ: ತಿಪ್ಪಮ್ಮ, ಎರಡು. ಓಬಮ್ಮ, ಸೊನ್ನೆ, ಅನರ್ಹ. ನಾನು ಸಹಿ ಮಾಡಿದೆ.

ಓಬಮ್ಮನಿಗೆ ಏನು ಹೇಳಿದೆ ಗೊತ್ತೇ? "ಮ್ಯಾಲಿನವರು ಆರಿಸ್ಯಾರ, ನನ್ನ ಕೈಯಾಗ ಏನಿಲ್ಲ" ಅಂದೆ. ಅವಳು ಮಜ್ಜಿಗೆ ಕೊಟ್ಟು ಕಳಿಸಿದಳು.

ತಿಪ್ಪಮ್ಮನದು ಏನೂ ತಪ್ಪಿಲ್ಲ, ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ತರಬೇತಿಗೆ ಹೋಗುವ ಮೊದಲು ಅವಳೇ, "ಓಬಿಗೆ ಕೊಡ್ರಿ, ನನಗ ಸೂಜಿ ಕಂಡ್ರ ಕೈ ನಡಗತಾವ" ಎಂದಿದ್ದಳು. ಪಟ್ಟಿ ಬದಲಿಸಲು ಬರುವುದಿಲ್ಲ ಎಂದು ಕಳಿಸಿದರು. ಪೆಟ್ಟಿಗೆ ಬಂತು, ಬೀಗ ಬಂತು, ಬೀಗದ ಕೈ ತಿಪ್ಪಮ್ಮನ ಕೊರಳಿಗೆ ಬಂತು. ಮರುವರ್ಷ ಕುರಿಗಳಿಗೆ ಬೇನೆ ಬಿದ್ದಾಗ ತಿಪ್ಪಮ್ಮ ಮಗಳ ಬಾಣಂತನಕ್ಕೆ ಹರಪನಹಳ್ಳಿ ಕಡೆ ಹೋಗಿದ್ದಳು. ಯಾವ ಔಷಧಿ, ಎಷ್ಟು ಎಂದು ಓಬಮ್ಮನಿಗೆ ಗೊತ್ತಿತ್ತು. ಔಷಧಿ ಎದುರು ಮನೆಯ ಪೆಟ್ಟಿಗೆಯಲ್ಲಿತ್ತು. ಸರ್ಕಾರದ ಬೀಗ ಒಡೆದರೆ ಕೇಸಾಗುತ್ತದೆ ಎಂದು ಊರ ಗಂಡಸರು ಬಿಡಲಿಲ್ಲ. ಅದು ಸರ್ಕಾರದ್ದೂ ಆಗಿರಲಿಲ್ಲ, ಯೋಜನೆ ತಂದ ಖಾಸಗಿ ಸಂಸ್ಥೆಯದು! ತಿಪ್ಪಮ್ಮನಿಗೆ ಫೋನು ಹೋಗಿ, ಅವಳು ಬಸ್ಸು ಹಿಡಿದು ಬಂದು ಬೀಗ ತೆಗೆಯುವಷ್ಟರಲ್ಲಿ ಓಬಮ್ಮನ ಒಂಬತ್ತು ಕುರಿ ಸತ್ತಿದ್ದವು.

ನಾನು ನಿವೃತ್ತಳಾಗುವ ವರ್ಷ ಹೊಸ ವಿಧಾನ ಬಂತು. ಕಾಗದ ಹೋಗಿ ಟ್ಯಾಬು ಬಂತು. ಟ್ಯಾಬಿನಲ್ಲಿ ಎರಡು ಭಾಗ. ಮೊದಲನೆಯದು, ನಿಮಗೆ ಖಂಡಿತ ಸಿಗುವ ಐದು ಪಾವು ಬೇಕೋ, ನಾಣ್ಯ ಚಿಮ್ಮಿ ಹನ್ನೆರಡೋ ಸೊನ್ನೆಯೋ ಆಗುವುದು ಬೇಕೋ ಎಂದು ಕೇಳಿ, ಯಾರು ಎಷ್ಟು ಪಣಕ್ಕೆ ಹೆದರುತ್ತಾರೆ ಎಂದು ಬೇರೆಯಾಗಿ ಅಳೆಯುವುದು. ಎರಡನೆಯದು, ಎದುರಿನವರ ಸಂಖ್ಯೆ ಊಹಿಸಿ ಎಂದು ನೇರವಾಗಿ ಕೇಳುವುದು. ಎರಡನ್ನೂ ಬಿಡಿಸಿ ನೋಡಿದರೆ ಹಡಗಲಿಯವರ ಬುದ್ಧಿಗೂ ಗುಡೇಕೋಟೆಯವರ ಬುದ್ಧಿಗೂ ಹೇಳಿಕೊಳ್ಳುವ ವ್ಯತ್ಯಾಸವೇನೂ ಉಳಿಯಲಿಲ್ಲ. ಶ್ರೀನಿಧಿ ಸರ್ ಸಭೆಯಲ್ಲಿ ಎದ್ದು ನಿಂತು, "ಹೆದರಿಕೆಯನ್ನು ದಡ್ಡತನ ಎಂದು ಎಣಿಸುವ ತಪ್ಪನ್ನು ನಾವು ಮಾಡಬಾರದು" ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಹಳೆಯ ಆಯ್ಕೆ ಪಟ್ಟಿ ಏನಾಗಬೇಕು ಎಂದು ನಾನು ಕೇಳಿದೆ. "ಮುಗಿದ ಯೋಜನೆ ಮೇಡಂ, ಅದನ್ನು ತೆರೆಯಲು ಬರುವುದಿಲ್ಲ" ಎಂದರು.

ಹೊಸಬರೇ, ನಿಮ್ಮ ಟ್ಯಾಬಿಗೆ ಅಂಚೂ ಇಲ್ಲ. ಕಾರಣ ಬರೆಯುವ ಜಾಗ ಕೇಳಿ ಪಡೆಯಿರಿ, ಕೊಡದಿದ್ದರೆ ನಿಮ್ಮದೇ ಒಂದು ನೋಟುಬುಕ್ಕು ಇಡಿ. ಹೀಗೆ ಬುದ್ಧಿ ಹೇಳಿ ಈ ಬರಹ ಮುಗಿಸೋಣ ಎಂದಿದ್ದೆ. ಆದರೆ ಹೋದ ತಿಂಗಳು ಗುಡೇಕೋಟೆಗೆ ಹೋಗಿಬಂದ ಮೇಲೆ ಹಾಗೆ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ.

ಓಬಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಅಷ್ಟು ವರ್ಷ ಕೇಳದ್ದನ್ನು ಅವಳು ಅಂದು ಕೇಳಿದಳು: "ಅಕ್ಕಾರ, ಆವತ್ತು ಆ ಆಟದಾಗ ನನಗ ಎಷ್ಟು ಹಾಕಿದ್ರಿ?"

ಬಾಯಿಂದ ಹೇಳಲಾಗಲಿಲ್ಲ. ಅವಳಿಗೆ ಅದು ತಿಳಿಯಿತೇನೋ, ಕಂಬಳಿಯ ಚುಂಗನ್ನು ನನ್ನ ಕೈಮೇಲೆ ಎಳೆದು, ಕೆಳಗೆ ತನ್ನ ಕೈ ಇಟ್ಟಳು. ನಾನು ಒಂದು ಬೆರಳನ್ನೂ ಕೊಡದೆ ಮುಷ್ಟಿ ಕಟ್ಟಿದೆ. ಅವಳು ಮುಷ್ಟಿಯನ್ನು ಸುತ್ತ ಸವರಿ ನೋಡಿದಳು, ಬೆರಳು ಹುಡುಕಿದಳು, ಸಿಗಲಿಲ್ಲ.

"ಸೊನ್ನಿ?"

ತಲೆಯಾಡಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅಂಚಿನಲ್ಲಿ ಬರೆದದ್ದು, ಕೆಂಪು ಗೆರೆ, ಎರಡು ವರ್ಷದ ಕೆಲಸ ಹೋಗುತ್ತದೆಂಬ ಭಯ, ಶ್ರೀನಿಧಿ ಸರ್ ಎಂಥ ಮನುಷ್ಯ ಎಂಬುದು. ಅವರನ್ನು ಬೈಯುತ್ತ ಬೈಯುತ್ತ ನನ್ನ ದನಿ ಏರಿತು. ಆ ಪಟ್ಟಿಗೆ ಸಹಿ ಮಾಡಿದವಳು ನಾನೇ ಎಂಬುದನ್ನು ಕೊನೆಗೆ ಹೇಳಿದೆ.

ಓಬಮ್ಮ ಕಂಬಳಿಯ ಕೆಳಗಿಂದ ಕೈ ತೆಗೆಯಲಿಲ್ಲ. ಸಿಟ್ಟೂ ಆಗಲಿಲ್ಲ.

"ನಂದು ಸರಿ ಐತಿ ಅಂತ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಹಂಗಾರ ನೀವೂ ಹತ್ತು ಬರದ್ರಿ ಬಿಡ್ರಿ, ಅಕ್ಕಾರ" ಎಂದಳು. ಕೈ ಬಿಡಿಸಿಕೊಂಡು, "ನನ್ನ ಹತ್ತು ಪಾವು ಬ್ಯಾಳಿ ಕತ್ತರಿ ಮಂದಿ ಉಂಡು ಹೋದ್ರು" ಎಂದಳು. ನನ್ನ ಹತ್ತಕ್ಕೆ ಬೆಲೆ ತೆತ್ತದ್ದು ಅವಳ ಒಂಬತ್ತು ಕುರಿ ಎಂಬುದನ್ನು ಅವಳು ಹೇಳಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.